ಆಪತ್ತಿಗೆ ಇರಲಿ ಅಂತ ಮುಚ್ಚಿಟ್ಟ ಕಾರು

ಮೊನ್ನೆ ನಾದಿನಿಯ ಮಗಳ ಸೀಮಂತಕ್ಕೆ ಉಡಲು ಸೀರೆ ಹುಡುಕುತ್ತಾ ಬೀರು ತೆಗೆದೆ. ಸೀರೆಗಳ ಕೆಳಗೆ ಕೈ ಹಾಕಿದರೆ ಏನೋ ಗಟ್ಟಿಯಾಗಿ ತಗುಲಿತು. ಎಳೆದು ನೋಡಿದರೆ ನಮ್ಮನೆಯವರ ಹಳೇ ಪಂಚೆಯಲ್ಲಿ ಸುತ್ತಿಟ್ಟ ಕಾರಿನ ಸೈಡ್ ಮಿರರ್! ಪಕ್ಕದ ಗಂಟು ಬಿಚ್ಚಿದರೆ ಎರಡು ವೈಪರ್, ಒಂದು ಕ್ಲಚ್ ಕೇಬಲ್, ನಾಲ್ಕು ಬಲ್ಬು. ನನ್ನ ಧಾರೆ ಸೀರೆಯ ಮಡಿಕೆಯೊಳಗೆ ಬ್ರೇಕ್ ಪ್ಯಾಡಿನ ಡಬ್ಬಿ. ಹೆಂಗಸರು ಬೀರುವಿನಲ್ಲಿ ಒಡವೆ ಬಚ್ಚಿಡುತ್ತಾರೆ ಎಂದು ಕೇಳಿದ್ದೀರಿ. ಬ್ರೇಕ್ ಪ್ಯಾಡು ಬಚ್ಚಿಟ್ಟವಳು ಬಹುಶಃ ನಾನೊಬ್ಬಳೇ. ನಗಬೇಡಿ, ಅದಕ್ಕೊಂದು ಕಾರಣವಿದೆ.

ನಾನು ಹುಟ್ಟಾ ಪುಕ್ಕಲಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಗೇಟಿನಿಂದ ಮೂರು ಸಲ ವಾಪಸ್ ಬರುವವಳು. ಇದು ಅಪ್ಪನ ಬಳುವಳಿ. ನಾನು ಬೆಳೆದದ್ದು ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲಿ. ಮನೆಯ ಮುಂದಿನ ಕೋಣೆಯಲ್ಲಿ ಅಪ್ಪನ ಎರಡು ವಿದ್ಯುತ್ ಮಗ್ಗ ಓಡುತ್ತಿದ್ದವು. ಆ ಸದ್ದಿನಲ್ಲೇ ಓದು, ಆ ಸದ್ದಿನಲ್ಲೇ ನಿದ್ದೆ. ಕರೆಂಟು ಹೋಗಿ ಸದ್ದು ನಿಂತರೆ ನಮಗೆಲ್ಲ ಎಚ್ಚರವಾಗುತ್ತಿತ್ತು. ಅಪ್ಪ ಮುದ್ದೆ ಮುರಿಯುತ್ತಿರುವಾಗ ಸದ್ದು ಚೂರು ಬದಲಾದರೂ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. “ತಡಿ, ಎಲ್ಲೋ ಎಳೆ ಹೋಗೈತೆ” ಎಂದು ಎಂಜಲು ಕೈಯಲ್ಲೇ ಎದ್ದುಬಿಡುತ್ತಿದ್ದರು. ಹೋಗಿ ನೋಡಿದರೆ ನಿಜಕ್ಕೂ ಎಳೆ ಹರಿದಿರುತ್ತಿತ್ತು. ಆ ಕಿವಿ ನನಗೂ ಬಂದಿದೆ. ಆದರೆ ಅಪ್ಪನಿಗೆ ಎಳೆ ಕಟ್ಟುವುದೂ ಗೊತ್ತಿತ್ತು, ನನಗೆ ಬರೀ ಗಾಬರಿಯಾಗುವುದು ಮಾತ್ರ ಗೊತ್ತು.

ಅಮ್ಮನಿಂದ ಬಂದದ್ದು ಇನ್ನೊಂದು ರೋಗ, ಮುಚ್ಚಿಡುವುದು. ಅವಳ ತವರಿನವರು ಕೊಟ್ಟ ಒಂದು ಡಜನ್ ಸ್ಟೀಲ್ ತಟ್ಟೆ ಅಟ್ಟದ ಮೇಲಿದ್ದವು. ಒಂದೊಂದರ ಮೇಲೂ ಅಂಗಡಿಯ ಚೀಟಿ ಅಂಟಿಕೊಂಡೇ ಇತ್ತು. ನಾವು ಸೊಟ್ಟಗಾದ ಅಲ್ಯೂಮಿನಿಯಂ ತಟ್ಟೆಯಲ್ಲಿ ಉಣ್ಣುತ್ತಾ ಆ ಹೊಸ ತಟ್ಟೆಗಳನ್ನು ಕತ್ತೆತ್ತಿ ನೋಡುತ್ತಿದ್ದೆವು. ಕೇಳಿದರೆ “ನೆಂಟರು ಬಂದಾಗ” ಎನ್ನುವಳು. ನೆಂಟರು ಬಂದರೆ “ಇವರೇನು ಅಂಥಾ ನೆಂಟರಾ, ಬಾಳೆಲೆ ಹಾಕಿದರಾಯ್ತು” ಎನ್ನುವಳು. ಆ ತಟ್ಟೆಗೆ ತಕ್ಕ ನೆಂಟರು ನಮ್ಮ ಮನೆಗೆ ಕೊನೆಗೂ ಬರಲಿಲ್ಲ. ಅಪ್ಪನ ಕಿವಿ, ಅಮ್ಮನ ಅಟ್ಟ, ಎರಡೂ ಸೇರಿ ಒಂದು ಕಾರಿನ ಮೇಲೆ ಬಿದ್ದರೆ ಏನಾಗುತ್ತದೆ ಎಂಬುದೇ ನಾನು ಹೇಳಹೊರಟಿದ್ದು.

ಕಾರು ತೆಗೆದುಕೊಂಡದ್ದು ನನ್ನ ಅತ್ತೆಯ ಮಂಡಿಯಿಂದಾಗಿ. ಅತ್ತೆ ಲಕ್ಷ್ಮಮ್ಮನವರಿಗೆ ಎಂಬತ್ತು ದಾಟಿದೆ. ನಾಲಿಗೆ ಇನ್ನೂ ಇಪ್ಪತ್ತರದ್ದು, ಮಂಡಿ ಮಾತ್ರ ಬಸ್ಸಿನ ಮೆಟ್ಟಿಲು ಹತ್ತಗೊಡುವುದಿಲ್ಲ. ಅವರ ಒಡಹುಟ್ಟಿದವರಲ್ಲಿ ಉಳಿದಿರುವವರು ತಂಗಿ ಒಬ್ಬರೇ, ದೇವನಹಳ್ಳಿ ಆಚೆಗಿನ ವಿಜಯಪುರದಲ್ಲಿದ್ದಾರೆ. ಹೆಸರು ಪುಟ್ಟಮ್ಮ, ನನಗೆ ಚಿಕ್ಕತ್ತೆ. ಅವರ ಮನೆಯಲ್ಲಿ ರೇಷ್ಮೆ ಗೂಡು ಕೊಂಡು ನೂಲು ಬಿಚ್ಚುವ ಕೆಲಸ ಮೂರು ತಲೆಮಾರಿನದು. ತಿಂಗಳಿಗೊಮ್ಮೆ ತಂಗಿಯ ಮುಖ ನೋಡದಿದ್ದರೆ ಅತ್ತೆಗೆ ಅನ್ನ ಸೇರುವುದಿಲ್ಲ. ಬಾಡಿಗೆ ಕಾರು ಮಾಡಿದರೆ “ಆ ಡ್ರೈವರಪ್ಪ ಹೊರಗಡೆ ಗಡಿಯಾರ ನೋಡ್ತಾ ನಿಂತಿರ್ತಾನೆ, ನಂಗೆ ಮಾತೇ ಹೊರಡಲ್ಲ” ಎಂದು ತಕರಾರು. ನಮ್ಮನೆಯವರಿಗೆ ಗಾಡಿ ಬರುವುದಿಲ್ಲ. ಹಾಗಾಗಿ ನಲವತ್ತೈದನೇ ವಯಸ್ಸಿನಲ್ಲಿ, ತೂಬಗೆರೆ ಕಡೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಂಡಿದ್ದ ನಾನು ಡ್ರೈವಿಂಗ್ ಕಲಿತೆ.

ನಮ್ಮ ಸಂಬಳಕ್ಕೆ ಎಟುಕಿದ್ದು ಒಂದೇ ಕಾರು, ಜಪಾನಿನ ಒಂದು ಹಳೆಯ ಕಂಪನಿಯ ಅಗ್ಗದ ಪುಟ್ಟ ಕಾರು. ಹೆಸರು ಹೇಳುವುದಿಲ್ಲ. ಅತ್ತೆ ಇವತ್ತಿಗೂ ಮಾವನ ಹೆಸರು ಬಾಯಿಬಿಟ್ಟು ಹೇಳಿಲ್ಲ, ನನ್ನದೂ ಅದೇ ಸಂಪ್ರದಾಯ ಎಂದುಕೊಳ್ಳಿ. ನಮ್ಮನೆಯವರು ಏನು ಕೊಂಡರೂ ಅದರ ಪೂರ್ವೋತ್ತರ ಓದುವವರು. ಮೊಬೈಲಿನಲ್ಲಿ ಅದರ ಜಾತಕವನ್ನೇ ತೆಗೆದರು. ನೂರು ವರ್ಷಕ್ಕೂ ಹಿಂದೆ ಮೂವರು ದುಡ್ಡು ಹಾಕಿದರಂತೆ, ಅವರ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಕಾರಿಗಿಟ್ಟರಂತೆ. ಆಮೇಲೆ ಅದಕ್ಕಿಂತ ಚಿಕ್ಕದೊಂದು ಕಾರು ಮಾಡಿ ಅದರ ಮಗ ಎಂಬ ಅರ್ಥ ಬರುವಂತೆ ಇಂಗ್ಲಿಷಿನ ಬಾಲ ಸೇರಿಸಿದರಂತೆ. ಆ ಬಾಲದ ಉಚ್ಚಾರಕ್ಕೆ ಜಪಾನಿನಲ್ಲಿ ನಷ್ಟ ಎಂಬ ಅರ್ಥವೂ ಇದೆ ಎಂದು ಹೆದರಿ, ಸೂರ್ಯ ಎಂದು ಬದಲಾಯಿಸಿದರಂತೆ. ನನಗೆ ಎಷ್ಟು ಸಮಾಧಾನವಾಯಿತು ಗೊತ್ತೇ! ಅಷ್ಟು ದೊಡ್ಡ ಕಂಪನಿಯವರೂ ಅಪಶಕುನಕ್ಕೆ ಹೆದರುತ್ತಾರೆ ಎಂದಮೇಲೆ ಅವರು ನಮ್ಮವರೇ. ಆ ಕಾರುಗಳು ಲೋಕವೆಲ್ಲ ಓಡಿದವಂತೆ, ನಡುವೆ ಎಷ್ಟೋ ವರ್ಷ ಆ ಹೆಸರನ್ನೇ ಕೈಬಿಟ್ಟಿದ್ದರಂತೆ. ಆಮೇಲೆ ನಮ್ಮಂಥ ದೇಶಗಳ ನಮ್ಮಂಥವರಿಗೆಂದು ಮತ್ತೆ ತಂದರಂತೆ.

ಈ ಜಾತಕವನ್ನೆಲ್ಲ ಕೇಳಿ ಚಿಕ್ಕತ್ತೆ ಒಂದೇ ಮಾತಿನಲ್ಲಿ ಒಪ್ಪಿಗೆ ಕೊಟ್ಟರು. “ಜಪಾನೋರ ಹುಳ ನೋಡಿಲ್ವಾ? ಬೆಳ್ಳನೆ ಗೂಡು, ಉದ್ದಕ್ಕೆ ಎಳೆ ಬರುತ್ತೆ, ನಡುವೆ ಕಿತ್ಕೊಳ್ಳಲ್ಲ. ಕಾರೂ ಹಂಗೇ ಇರುತ್ತೆ, ತಗೊಳ್ಳಿ.” ವಿಜಯಪುರದವರಿಗೆ ಜಪಾನ್ ಎಂದರೆ ಬಿಳಿಯ ಗೂಡು ಕಟ್ಟುವ ರೇಷ್ಮೆ ಹುಳು, ಅಷ್ಟೇ.

ಇಟ್ಟಿಗೆ ಬಣ್ಣದ ಕಾರು ಬಂತು. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ಪೂಜೆ ಮಾಡಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟೆವು. ಮೂರು ಅಪ್ಪಚ್ಚಿಯಾದವು, ನಾಲ್ಕನೆಯದು ಸರಿದು ಪಕ್ಕಕ್ಕೆ ಹೋಯಿತು. ನಾನು ವಾರವಿಡೀ ಆ ನಾಲ್ಕನೆಯ ನಿಂಬೆಹಣ್ಣನ್ನೇ ನೆನೆಸಿಕೊಂಡು ಓಡಿಸಿದೆ. ಕಾರಿನ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ ಹೇಳುತ್ತೇನೆ: ಬಾಗಿಲು ತೆಳು, ಹಾರ್ನು ಸಂಕೋಚದ್ದು. ಆದರೆ ಪೆಟ್ರೋಲ್ ಕುಡಿಯುವುದು ಕಡಿಮೆ, ನಮ್ಮೂರಿನ ಹಂಪುಗಳಿಗೆ ಹೊಟ್ಟೆ ತಗುಲಿಸಿಕೊಳ್ಳುವುದಿಲ್ಲ, ಡಿಕ್ಕಿಯಲ್ಲಿ ಎರಡು ಮೂಟೆ ರಾಗಿ ಹಿಡಿಯುತ್ತದೆ. ಮುಖ್ಯವಾಗಿ ಸೀಟು ತಕ್ಕ ಎತ್ತರದಲ್ಲಿದೆ, ಅತ್ತೆಯ ಮಂಡಿಗೆ ಬಗ್ಗುವ ಹತ್ತುವ ಕಷ್ಟವೇ ಇಲ್ಲ. ತಿಂಗಳಿಗೊಂದು ಭಾನುವಾರ ವಿಜಯಪುರಕ್ಕೆ ಹೋಗುತ್ತಿದ್ದೆವು. ಅಕ್ಕತಂಗಿ ಹಿಂದೆ ಕೂತರೆ ಸರಿ, ಇಬ್ಬರನ್ನೂ ದೇವನಹಳ್ಳಿ ತನಕವೋ ಘಾಟಿ ತನಕವೋ ಸುತ್ತಾಡಿಸಿಕೊಂಡು ಬರುವುದು. ನಮ್ಮನೆಯವರು ನನ್ನ ಪಕ್ಕದಲ್ಲಿ ಕೂತು ಕಾಲಿನಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಾ “ಲಾರಿ, ಲಾರಿ” ಎನ್ನುತ್ತಿದ್ದರು. ಹಿಂದಿನ ಸೀಟಿನವರಿಗೆ ಲಾರಿಯ ಪರಿವೆಯೇ ಇರುತ್ತಿರಲಿಲ್ಲ. ಅವರು ಅರವತ್ತು ವರ್ಷದ ಹಿಂದೆ ಯಾರೋ ಕದ್ದ ಹಿಪ್ಪುನೇರಳೆ ಹಣ್ಣಿನ ಜಗಳ ತೀರಿಸಿಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ನಮ್ಮನೆಯವರು ಪೇಪರ್ ಹಿಡಿದು ಅಡುಗೆಮನೆಗೆ ಬಂದರು. ಮುಖ ಸಪ್ಪಗಿತ್ತು. “ಸರೋಜಾ, ನಮ್ ಕಾರಿನೋರು ಅಂಗಡಿ ಮುಚ್ಕೊಂಡ್ ಹೊರಟ್ರಂತೆ ಕಣೇ.”

ಬಿಡಿಭಾಗಗಳನ್ನು ಒದಗಿಸುತ್ತೇವೆ, ಯಾರೂ ಹೆದರಬೇಕಿಲ್ಲ ಎಂದೂ ಅದರಲ್ಲೇ ಬರೆದಿತ್ತು. ನನಗೆ ಆ ಸಾಲು ಕಣ್ಣಿಗೆ ಕಾಣಲೇ ಇಲ್ಲ. ಹೆದರಬೇಡಿ ಎಂದು ಯಾರಾದರೂ ಹೇಳಿದರೆ ನನಗೆ ಇನ್ನೂ ಹೆದರಿಕೆ. ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರೂ ಒಂದೊಂದು ಹೇಳಿದರು. ಒಬ್ಬರು “ಮಾರ್ಬಿಡಿ ಮೇಡಂ, ಆಮೇಲೆ ಗುಜರಿಗೂ ಹೋಗಲ್ಲ” ಎಂದರು. ಮಾರಿದರೆ ಬರುವ ದುಡ್ಡಿಗೆ ಇನ್ನೊಂದು ಕಾರು ಬರುವುದಿಲ್ಲ. ಕಾರಿಲ್ಲದಿದ್ದರೆ ಅತ್ತೆಗೆ ವಿಜಯಪುರವಿಲ್ಲ. ಅಂದಿನಿಂದ ನನಗೆ ಇದೊಂದೇ ಲೆಕ್ಕ: ಈ ಕಾರು ಎಷ್ಟು ದಿನ ಬಾಳುತ್ತದೋ ಅಷ್ಟೇ ದಿನ ಅಕ್ಕತಂಗಿಯ ಭೇಟಿ.

ಬೆಂಗಳೂರಿಗೆ ಹೋದಾಗಲೆಲ್ಲ ಬಿಡಿಭಾಗ ತಂದು ಬೀರುವಿಗೆ ತುಂಬಿದೆ. ಗಾಡಿ ಓಡಿಸುವಾಗ ರಸ್ತೆ ನೋಡುವುದಕ್ಕಿಂತ ಸದ್ದು ಕೇಳುವುದೇ ಹೆಚ್ಚಾಯಿತು. ಒಮ್ಮೆ ಹಿಂದುಗಡೆಯಿಂದ ಕಟಕಟ ಎನ್ನತೊಡಗಿತು. ನನ್ನ ಜೀವ ಬಾಯಿಗೆ ಬಂತು. ಮೆಕ್ಯಾನಿಕ್ ಇಲಿಯಾಜ್ ಹತ್ತಿರ ಮೂರು ಸಲ ಒಯ್ದೆ. ಅವನು ಚಕ್ರ ಬಿಚ್ಚಿದ, ಕೆಳಗೆ ಮಲಗಿ ನೋಡಿದ, “ಕುಚ್ ನಹೀ ಮೇಡಂ, ಗಾಡಿ ಫಸ್ಟ್ ಕ್ಲಾಸಾಗಿದೆ” ಎಂದ. ನಾಲ್ಕನೆಯ ಸಲ ಸೀಟನ್ನೇ ಎತ್ತಿ, ಅಡಿಯಿಂದ ಅತ್ತೆಯ ಸುಣ್ಣದ ಡಬ್ಬಿ ತೆಗೆದು ನನ್ನ ಅಂಗೈಗೆ ಇಟ್ಟ. “ಇದಕ್ಕೆ ಸ್ಪೇರ್ ಪಾರ್ಟ್ ಎಲ್ಲಾ ಕಡೆ ಸಿಗುತ್ತೆ, ಟೆನ್ಶನ್ ಮಾಡ್ಕೋಬೇಡಿ” ಎಂದ ಕಳ್ಳ.

ಆದರೂ ನನಗೆ ಧೈರ್ಯ ಬರಲಿಲ್ಲ. ಗಂಡಹೆಂಡತಿ ಕೂತು ತೀರ್ಮಾನ ಮಾಡಿದೆವು: ಕಾರನ್ನು ಇನ್ನು ಮೇಲೆ ಸುಮ್ಮಸುಮ್ಮನೆ ತೆಗೆಯಬಾರದು, ಆಪತ್ತಿಗೆ ಇರಲಿ. ಅತ್ತೆಗೆ ಹೊತ್ತುಗೊತ್ತಿಲ್ಲದೆ ಏನಾದರೂ ಆದರೆ ಆಸ್ಪತ್ರೆಗೆ ಬೇಕಲ್ಲ! ಬೆಳ್ಳಿ ಬಣ್ಣದ ಹೊದಿಕೆ ತಂದು ಮುಚ್ಚಿದೆವು. ನಾನು ಶಾಲೆಗೆ ಬಸ್ಸಿನಲ್ಲಿ ಹೋಗತೊಡಗಿದೆ. ನಮ್ಮನೆಯವರು ಭಾನುವಾರ ಸ್ನಾನ ಮಾಡಿ, ಹೊದಿಕೆ ಸರಿಸಿ, ಐದು ನಿಮಿಷ ಎಂಜಿನ್ ಆನ್ ಮಾಡಿ, ಆರಿಸಿ, ಮತ್ತೆ ಮುಚ್ಚುತ್ತಿದ್ದರು. ಸ್ಟಾರ್ಟ್ ಮಾಡುವುದೊಂದು ಅವರಿಗೆ ಬರುತ್ತಿತ್ತು. ದೇವರ ಕೋಣೆಯ ಕೆಲಸ ಮುಗಿಸಿದವರಂತೆ ಕೈ ಒರೆಸಿಕೊಂಡು ಒಳಗೆ ಬರುತ್ತಿದ್ದರು.

“ಈ ತಿಂಗಳು ಪುಟ್ಟಿ ಮನೇಗೆ?” ಎಂದು ಅತ್ತೆ ಮೊದಮೊದಲು ಕೇಳಿದರು.

“ಮುಂದಿನ ತಿಂಗಳು ಹೋಗೋಣ ಅತ್ತೆ. ಗಾಡಿ ಜೋಪಾನ ಮಾಡ್ಬೇಕು, ನಿಮಗೋಸ್ಕರಾನೇ.”

“ಹೂಂ, ಜೋಪಾನ ಮಾಡು” ಎಂದು ಸುಮ್ಮನಾದರು. ಯುಗಾದಿಗೆ ಒಬ್ಬಟ್ಟು, ಸಂಕ್ರಾಂತಿಗೆ ಎಳ್ಳು ಡಬ್ಬಿಗೆ ಹಾಕಿ, ಪರಿಚಯದ ಕಂಡಕ್ಟರ್ ಕೈಯಲ್ಲಿ ವಿಜಯಪುರದ ಬಸ್ಸಿಗೆ ಕೊಡಿಸುತ್ತಿದ್ದರು. ಚಿಕ್ಕತ್ತೆಯ ಸೊಸೆ ಮಂಜುಳಾ ನಿಲ್ದಾಣಕ್ಕೆ ಬಂದು ತೆಗೆದುಕೊಳ್ಳುವಳು. ಫೋನು ಮಾಡಿದರೆ ಚಿಕ್ಕತ್ತೆ “ಯಾರು? ಯಾರು ಮಾತಾಡೋದು?” ಎನ್ನುವರು. ಅತ್ತೆ ಎರಡು ಸಲ ಕೂಗಿ ಹೇಳಿ, “ಅವಳ ಕಿವಿ ಪೂರಾ ಹೋಯ್ತು” ಎಂದು ನನಗೆ ಫೋನ್ ವಾಪಸ್ ಕೊಡುವರು. ಮಂಜುಳಾ ಒಮ್ಮೆ “ಅತ್ತೆಗೆ ಸ್ವಲ್ಪ ಮರೆವು ಅಕ್ಕಾ” ಎಂದಳು. ಈ ವಯಸ್ಸಿಗೆ ಯಾರಿಗಿಲ್ಲ ಎಂದುಕೊಂಡೆ. ಎಲ್ಲ ಸದ್ದಿಗೂ ಬೆಚ್ಚಿಬೀಳುವ ನಾನು ಆ ಮಾತಿಗೆ ಮಾತ್ರ ಬೆಚ್ಚಲಿಲ್ಲ. ಹೀಗೆ ಹದಿನಾಲ್ಕು ತಿಂಗಳು ಕಳೆದವು.

ಒಂದು ದಿನ ಶಾಲೆ ಮುಗಿಸಿ ಸಂಜೆ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಇಳಿದೆ. ಇಳಿದವಳಿಗೆ ಕಲ್ಲು ಬೆಂಚಿನ ಮೇಲೆ ಗೊತ್ತಿರುವ ಹಸಿರು ಸೀರೆ ಕಂಡಿತು. ಅತ್ತೆ! ಮಡಿಲಲ್ಲಿ ವೈರ್ ಬ್ಯಾಗು, ಕೈಯಲ್ಲಿ ಕೋಲು. ಬಲಗೈ ಅಂಗೈ ತರಚಿತ್ತು.

“ಅಯ್ಯೋ ಅತ್ತೆ! ಇಲ್ಲೇನ್ ಮಾಡ್ತಿದ್ದೀರಾ?”

“ವಿಜಯಪುರದ ಬಸ್ಸು ಬಂತು ಕಣಮ್ಮ. ಒಂದು ಮೆಟ್ಲು ಹತ್ತಿದೆ. ಇನ್ನೊಂದಕ್ಕೆ ಕಾಲು ಏಳ್ಲಿಲ್ಲ, ಜಾರ್ಬಿಟ್ಟೆ. ಆ ಕಂಡಕ್ಟರಪ್ಪ ಪಾಪ ಇಳಿಸಿ ಕೂರಿಸ್ದ.”

“ನನಗೆ ಹೇಳ್ಬಾರ್ದಿತ್ತಾ?”

“ನೀನು ಗಾಡೀನ ನನ್ನ ಆಪತ್ತಿಗೆ ಅಂತ ಇಟ್ಟಿದ್ದೀಯಲ್ಲ, ಇದಕ್ಯಾಕೆ ತೆಗೀಬೇಕು ಅಂತ” ಎಂದರು. ಕುಹಕವಿರಲಿಲ್ಲ, ನಿಜವಾಗಿಯೂ ಹಾಗೆಂದುಕೊಂಡೇ ಹೇಳಿದರು. ಆಮೇಲೆ ಸಣ್ಣ ದನಿಯಲ್ಲಿ, “ಫೋನಲ್ಲಿ ಅವಳ ದನಿ ಸರಿಯಿಲ್ಲ ಸರೋಜಾ. ನಂಗ್ಯಾಕೋ ಹೆದರಿಕೆ ಆಗ್ತೈತೆ” ಎಂದರು.

ಅತ್ತೆ ಹೆದರಿದ್ದನ್ನು ನಾನು ಎಂದೂ ಕಂಡವಳಲ್ಲ. ಕಾರಿರುವ ಮನೆಯ ಅತ್ತೆಸೊಸೆ ಇಬ್ಬರೂ ಬಸ್ ನಿಲ್ದಾಣದಲ್ಲಿ ಕೂತಿದ್ದೆವು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಬೆಳಿಗ್ಗೆ ರಜೆ ಹಾಕಿ ಹೊದಿಕೆ ಕಿತ್ತೆಸೆದೆ. ಕೀ ತಿರುಗಿಸಿದರೆ ಕಾರು ಕ್ಷೀಣವಾಗಿ ಟಿಕ್ ಎಂದು ಸುಮ್ಮನಾಯಿತು. ಇಲಿಯಾಜ್ ಬಂದ. ಬಾನೆಟ್ ಎತ್ತಿ ನೋಡಿ ತಲೆ ಚಚ್ಚಿಕೊಂಡ.

“ಬ್ಯಾಟರಿ ಸತ್ತೋಗಿದೆ ಮೇಡಂ. ಯಾರು ಇದನ್ನ ಐದೈದು ನಿಮಿಷ ಆನ್ ಮಾಡಿ ಆಫ್ ಮಾಡ್ತಿದ್ದಿದ್ದು?”

ನಮ್ಮನೆಯವರು ಕಾಂಪೌಂಡಿನ ಆಚೆಗಿನ ತೆಂಗಿನಮರವನ್ನು ಬಹಳ ಗಮನದಿಂದ ನೋಡತೊಡಗಿದರು.

“ಓಡಿಸ್ಬೇಕು ಮೇಡಂ. ಓಡಿಸಿದ್ರೇನೇ ಬ್ಯಾಟರಿ ತುಂಬೋದು. ಸುಮ್ನೆ ಸ್ಟಾರ್ಟ್ ಮಾಡಿ ಆರಿಸಿದ್ರೆ ಇರೋದೂ ಹೋಗುತ್ತೆ. ಟೈರು ನೋಡಿ, ನಿಂತ್ ನಿಂತು ಚಪ್ಪಟೆಯಾಗಿದೆ. ಗಾಡಿ ಹಾಳಾಗಿರೋದು ನೀವು ಜೋಪಾನ ಮಾಡಿರೋದ್ರಿಂದ.”

ಬೀರುವಿನಲ್ಲಿ ಎಲ್ಲವೂ ಇತ್ತು, ಬ್ಯಾಟರಿಯೊಂದು ಇರಲಿಲ್ಲ. ಅದು ಮಾತ್ರ ಪಕ್ಕದ ಬೀದಿಯ ಅಂಗಡಿಯಲ್ಲೇ ಸಿಕ್ಕಿತು. ಯಾವ ಕಂಪನಿ ದೇಶ ಬಿಟ್ಟರೂ ಅದಕ್ಕೆ ಬರವಿಲ್ಲವಂತೆ. ಮಧ್ಯಾಹ್ನದ ಹೊತ್ತಿಗೆ ಹೊರಟೆವು.

ದೇವನಹಳ್ಳಿ ದಾರಿಯಲ್ಲಿ ಏರ್‌ಪೋರ್ಟ್ ಟ್ಯಾಕ್ಸಿಗಳು ಎಡಕ್ಕೂ ಬಲಕ್ಕೂ ನುಗ್ಗುತ್ತಿದ್ದವು. ಹದಿನಾಲ್ಕು ತಿಂಗಳಲ್ಲಿ ಕೈ ಕಾಲು ಅಭ್ಯಾಸ ತಪ್ಪಿದ್ದವು. ಎರಡು ಕಡೆ ಗಾಡಿ ಆಫ್ ಆಯಿತು, ಹಿಂದಿನವರು ಹಾರ್ನ್ ಹಾಕಿ ಬೈದರು. ಎಂಜಿನ್ನು ಸಣ್ಣಗೆ ಕೆಮ್ಮಿದ ಹಾಗಾಯಿತು, ಅಥವಾ ನನಗೆ ಹಾಗನ್ನಿಸಿತು. ಈ ದಾರಿಯಲ್ಲಿ ಅಕಸ್ಮಾತ್ ನಿಂತರೆ ಅತ್ತೆಯನ್ನು ಯಾರು ಇಳಿಸುವುದು, ಎಲ್ಲಿ ಕೂರಿಸುವುದು, ಯಾರನ್ನು ಕರೆಯುವುದು? ತಲೆ ತುಂಬ ಇದೇ. ನಮ್ಮನೆಯವರು ಆ ದಿನ “ಲಾರಿ” ಎನ್ನಲಿಲ್ಲ. ಅತ್ತೆ ಬ್ಯಾಗಿನ ಮೇಲೆ ಎರಡೂ ಕೈಯಿಟ್ಟು ಮುಂದಿನ ಗಾಜಿನಿಂದ ರಸ್ತೆಯನ್ನೇ ನೋಡುತ್ತಿದ್ದರು.

ವಿಜಯಪುರದ ಬೀದಿಗೆ ತಿರುಗಿದ ಕೂಡಲೇ ಗೂಡು ಬೇಯಿಸುವ ವಾಸನೆ ಮೂಗಿಗೆ ಹೊಡೆಯಿತು. ಮೊದಲೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದೆ, ಅಂದು ಹೋದ ಜೀವ ಬಂದ ಹಾಗಾಯಿತು. ಅಬ್ಬಾ, ತಲುಪಿದೆವಲ್ಲ! ಚಿಕ್ಕತ್ತೆ ಜಗಲಿಯ ಮೇಲೆ ಕೂತಿದ್ದರು. ಸೊರಗಿದ್ದರು, ಆದರೆ ತಲೆ ಬಾಚಿ ಹೂ ಮುಡಿಸಿದ್ದರು. ಅತ್ತೆ ಕಾರಿನಿಂದ ಇಳಿದವರೇ ಕೋಲನ್ನೂ ಮರೆತು ಹೋಗಿ ಎದುರು ನಿಂತರು.

“ಪುಟ್ಟೀ...”

ಚಿಕ್ಕತ್ತೆ ಕತ್ತೆತ್ತಿ ನೋಡಿದರು. ಮನೆಗೆ ವ್ಯಾಪಾರಕ್ಕೆ ಬಂದವರನ್ನು ಮಾತಾಡಿಸುವ ಮರ್ಯಾದೆಯಲ್ಲಿ, “ಯಾರಮ್ಮ ತಾವು? ಗೂಡು ತಂದಿದ್ದೀರಾ? ಒಳಗಡೆ ಹುಡುಗ್ರಿದ್ದಾರೆ, ಕೇಳಿ” ಎಂದರು.

ಮಂಜುಳಾ ಓಡಿ ಬಂದಳು. “ಯಾರ ಗುರುತೂ ಸಿಗದೆ ಆರು ತಿಂಗಳಾಯ್ತು ಅಕ್ಕಾ. ಮೊದಲು ಮಧ್ಯೆ ಮಧ್ಯೆ ಗುರುತು ಸಿಕ್ಕೋದು. ದೊಡ್ಡತ್ತೆ ನೊಂದ್ಕೋತಾರೆ ಅಂತ ಫೋನಲ್ಲಿ ಹೇಳೋಕ್ಕೆ ಮನಸ್ಸು ಬರ್ಲಿಲ್ಲ” ಎಂದು ಕಣ್ಣೊರೆಸಿಕೊಂಡಳು. ಆರು ತಿಂಗಳು. ಅದಕ್ಕೂ ಮೊದಲಿನ ಎಂಟು ತಿಂಗಳು ಕಾರು ನಮ್ಮ ಮನೆಯ ಮುಂದೆ ಹೊದ್ದು ನಿಂತಿತ್ತು. ನಾನು ಗಣಿತದ ಟೀಚರು. ಈ ಲೆಕ್ಕ ಮಾಡಲು ನನಗೆ ಕ್ಷಣವೂ ಬೇಕಾಗಲಿಲ್ಲ.

ಅತ್ತೆ ಹೆಸರು ಹೇಳಿದರು, ಊರು ಹೇಳಿದರು, ಅವ್ವನ ಹೆಸರು ಹೇಳಿದರು. ಚಿಕ್ಕತ್ತೆ ಎಲ್ಲಕ್ಕೂ ವಿನಯದಿಂದ ಹೂಂಗುಟ್ಟಿದರು. ಅಷ್ಟರಲ್ಲಿ ಅವರ ಕಣ್ಣು ಅತ್ತೆಯನ್ನು ದಾಟಿ ಬೀದಿಯಲ್ಲಿ ನಿಂತಿದ್ದ ಕಾರಿನ ಮೇಲೆ ಬಿತ್ತು. ಮುಖ ಅರಳಿತು. ಗೋಡೆ ಹಿಡಿದು ಎದ್ದರು, ಮಂಜುಳಾ ತಡೆಯುವಷ್ಟರಲ್ಲಿ ಜಗಲಿ ಇಳಿದು ಬಂದು ಹಿಂದಿನ ಬಾಗಿಲು ತಾವೇ ತೆಗೆದರು. ಒಳಗೆ ಕೂತು ಆ ಕಡೆಗೆ ಸರಿದು, ಸೆರಗು ಸರಿಮಾಡಿಕೊಂಡು, “ಎಲ್ಲಿ ಅಕ್ಕ? ಅಕ್ಕನ್ನ ಕರೀರಿ, ಹೊತ್ತಾಗುತ್ತೆ” ಎಂದರು.

ನಾನು ಓಡಿ ಹೋಗಿ ಸ್ಟೇರಿಂಗ್ ಮುಂದೆ ಕೂತೆ. ನಮ್ಮನೆಯವರು ಅತ್ತೆಯ ತೋಳು ಹಿಡಿದು ಹಿಂದೆ ಹತ್ತಿಸಿದರು. ಅತ್ತೆ ಕೂತ ಕೂಡಲೇ ಚಿಕ್ಕತ್ತೆ ಗಾಬರಿಯಾದರು.

“ಇಲ್ಲಿ ಕೂತ್ಕೋಬೇಡಿ ಅಮ್ಮ. ಇದು ನಮ್ಮಕ್ಕನ ಜಾಗ, ಅವಳು ಬರ್ತಾಳೆ.”

ಕನ್ನಡಿಯಲ್ಲಿ ಅತ್ತೆಯ ಮುಖ ನೋಡುವ ಧೈರ್ಯ ನನಗಿರಲಿಲ್ಲ.

“ಆಗ್ಲಿ ಕಣವ್ವ” ಎಂದರು ಅತ್ತೆ. “ನಿಮ್ಮಕ್ಕ ಬರೋವರ್ಗೂ ಕೂತಿರ್ತೀನಿ. ಬಂದ್ಮೇಲೆ ಎದ್ದೇಳ್ತೀನಿ.”

ಚಿಕ್ಕತ್ತೆ ಯೋಚನೆ ಮಾಡಿ ಒಪ್ಪಿದರು. ನಾನು ಸ್ಟಾರ್ಟ್ ಮಾಡಿದೆ.

“ಎಲ್ಲಿಗೆ ಹೋಗೋಣ ಅತ್ತೆ?”

“ಎಲ್ಲಿಗಾದ್ರೂ ನಡಿ ಸರೋಜಾ. ನಿಲ್ಲಿಸ್ಬೇಡ, ಅಷ್ಟೇ.”